ಎಣ್ಣೆಬಟ್ಟೆಯ ಗಂಟು

ಮನೆ ಅಂದಮೇಲೆ ಹಿಂಭಾಗದಲ್ಲಿ ಒಂದು ಸಾಮಾನಿನ ಕೋಣೆ ಇದ್ದೇ ಇರುತ್ತದೆ. ಮುರಿದ ಕುರ್ಚಿ, ಕಾಲಿಲ್ಲದ ಮಂಚ, ಮುಂದೆ ಯಾವಾಗಲಾದರೂ ಬೇಕಾದೀತು ಎಂದು ಎತ್ತಿಟ್ಟ ಡಬ್ಬಗಳು, ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತವೆ. ಬಾಗಿಲು ತೆಗೆದರೆ ಏನಾದರೊಂದು ಕಾಲಮೇಲೆ ಬೀಳುತ್ತದೆ, ಹಾಗಾಗಿ ಯಾರೂ ತೆಗೆಯುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ನಾಚಿಕೊಳ್ಳಬೇಡಿ. ನಮ್ಮ ಕಥೆ ಶುರುವಾಗುವುದೂ ಅಂಥ ಕೋಣೆಯಿಂದಲೇ.

ಆ ಮನೆಯ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿದ್ದರೂ ಬೀದಿಯವರ ಬಾಯಲ್ಲಿ ಕಂಡಕ್ಟರ್ ಆಗಿಯೇ ಉಳಿದಿದ್ದರು. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದರು. ಅವರನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಒಬ್ಬಳೇ ಮಗಳು, ತುಂಬು ಬಸುರಿ, ಅವರ ಜೊತೆಗೇ ಇದ್ದಳು. ಅಳಿಯ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು.

ಕಂಡಕ್ಟರಿಗೆ ಚಿಕ್ಕಂದಿನಿಂದಲೂ ಮರಗೆಲಸದ ಹುಚ್ಚು. ಕೈಗೆ ಉಳಿ ಬರುವ ಮೊದಲೇ ಹೆಗಲಿಗೆ ಟಿಕೆಟ್ ಚೀಲ ಬಂದಿತ್ತು. ಈಗ ಕೈ ಖಾಲಿಯಾಗಿತ್ತು, ಮಗಳ ಹೊಟ್ಟೆ ತುಂಬಿತ್ತು. "ಮೊಮ್ಮಗುವಿನ ತೊಟ್ಟಿಲು ನನ್ನ ಕೈಯಿಂದಲೇ ಆಗ್ಬೇಕು" ಎಂದು ಒಂದು ಬೆಳಿಗ್ಗೆ ಘೋಷಿಸಿ, ಸಾಮಾನಿನ ಕೋಣೆಯ ಬಾಗಿಲು ಒದ್ದು ತೆಗೆದರು.

ಪೀಠೋಪಕರಣದ ಅಂಗಡಿಯೊಂದು ಮುಚ್ಚುತ್ತಿದೆ, ಅಲ್ಲಿನ ಮರಗೆಲಸದ ಸಾಮಾನೆಲ್ಲ ಮಾರಾಟಕ್ಕಿದೆ ಎಂದು ಕಿವಿಗೆ ಬಿತ್ತು. ಹೋದರು. ಒಂದು ಉಳಿ, ಒಂದು ಸುತ್ತಿಗೆ, ಒಂದು ಗರಗಸ ತರಲು ಹೋದವರು ಆಟೋ ತುಂಬಿಸಿಕೊಂಡು ಬಂದರು. ಹಲಗೆ ಕುಯ್ಯುವ ಕಟಿಂಗ್ ಮಷೀನು, ಡ್ರಿಲ್ಲಿಂಗ್ ಮಷೀನು, ಹಲಗೆ ಕಚ್ಚಿ ಹಿಡಿಯುವ ಕ್ಲಾಂಪುಗಳು, ಯಾಕೆ ಬೇಕೆಂದು ಅವರಿಗೇ ಗೊತ್ತಿಲ್ಲದ ಇನ್ನೊಂದು ಮಷೀನು, ಕಂತೆ ಕಂತೆ ಹಲಗೆ. ಕೋಣೆ ಚಿಕ್ಕದು. ಆದರೆ ಜೀವಮಾನವೆಲ್ಲ ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು "ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿದ ಮನುಷ್ಯನಿಗೆ ಯಾವ ಕೋಣೆ ತಾನೇ ಚಿಕ್ಕದು? ಮೇಜಿನ ಕೆಳಗೆ ಮಷೀನು, ಮಷೀನಿನ ಮೇಲೆ ಹಲಗೆ, ಹಲಗೆಯ ಮೇಲೆ ಡಬ್ಬ. ಉಳಿದ ಹಲಗೆಗಳನ್ನು ಹಿತ್ತಲಿಗೆ ಹೋಗುವ ಬಾಗಿಲಿಗೆ ಅಡ್ಡ ನಿಲ್ಲಿಸಿದರು.

"ಬಾಗಿಲಲ್ಲಿ ನಿಲ್ಲಿಸಿದ್ದೀರಲ್ರೀ" ಎಂದರು ಟೈಲರಮ್ಮ.

"ಫುಟ್‌ಬೋರ್ಡ್ ಮೇಲೂ ಜನ ನಿಲ್ತಾರೆ ಕಣೇ. ಏನಾಗಲ್ಲ."

"ಆ ಬಾಗಿಲು ತೆಗೆಯೋದು ಹೇಗೆ?"

"ತೆಗೆಯೋದು ಯಾಕೆ?"

ಟೈಲರಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಆ ಕೋಣೆಗೆ ಎರಡು ಬಾಗಿಲು. ಒಂದು ಹಿತ್ತಲಿಗೆ. ಇನ್ನೊಂದು ಮನೆಯೊಳಗಿನ ಕಿರಿದಾದ ಓಣಿಗೆ. ಆ ಓಣಿಯ ಕೊನೆಯಲ್ಲಿ ಮಗಳು ಮಲಗುವ ಕೋಣೆ. ಮಗಳು ಹೊರಗೆ ಬರಬೇಕೆಂದರೆ ಅಪ್ಪನ ಮರಗೆಲಸದ ಕೋಣೆಯ ಮುಂದೆಯೇ ಹಾದು ಬರಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯವೂ ಇದೆ. ಬಸುರಿಯಾದಮೇಲೆ ಮಗಳ ಮೂಗು ವಿಪರೀತ ಚುರುಕಾಗಿತ್ತು. ಸೋಪಿನ ವಾಸನೆ ಆಗದು, ಪಕ್ಕದ ಮನೆಯವರ ತಲೆಎಣ್ಣೆಯ ವಾಸನೆ ಆಗದು, ಹೊಸ ಬಟ್ಟೆಯ ಗಂಜಿ ವಾಸನೆಯಂತೂ ಆಗಲೇ ಆಗದು. ದಿನಾ ಒಂದು ದೂರು. ಕೇಳಿ ಕೇಳಿ ಮನೆಯವರಿಗೆ ಅಭ್ಯಾಸವಾಗಿ ಹೋಗಿತ್ತು. ಮಗಳು "ಏನೋ ವಾಸನೆ" ಎಂದರೆ ಅಪ್ಪ "ಹೂಂ" ಎನ್ನುತ್ತಿದ್ದರು, ಅಷ್ಟೇ.

ತೊಟ್ಟಿಲು ಒಂದು ರೂಪಕ್ಕೆ ಬಂತು. ಕಾಲುಗಳು ಸ್ವಲ್ಪ ಜಗಳವಾಡಿದವು. ಕಂಡಕ್ಟರ್ ಬೈದು, ಉಜ್ಜಿ, ಮತ್ತೆ ಬೈದು, ಕೊನೆಗೆ ರಾಜಿ ಮಾಡಿಸಿದರು. ಮಗುವಿನ ಮೈಗೆ ಚುಚ್ಚಬಾರದು ಎಂದು ಉಪ್ಪುಕಾಗದ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಮರ ರೇಷ್ಮೆಯ ಹಾಗೆ ನುಣುಪಾಯಿತು. ಇನ್ನು ಅಗಸೆ ಎಣ್ಣೆ ಹಚ್ಚಿ ಹೊಳಪು ತರುವುದೊಂದೇ ಬಾಕಿ.

ಅಷ್ಟು ಹೊತ್ತಿಗೆ ಕಾಲು ಮುರಿದ ಸ್ಟೂಲು ಹಿಡಿದುಕೊಂಡು ಫೈರಕ್ಕ ಬಂದರು. ಅಗ್ನಿಶಾಮಕ ಠಾಣೆಯಲ್ಲಿ ಕೆಲಸ, ಪಕ್ಕದ ಮನೆಯಲ್ಲಿ ವಾಸ. ವಯಸ್ಸಿನಲ್ಲಿ ಚಿಕ್ಕವರಾದರೂ ಕಂಡಕ್ಟರಿಗೂ ಅವರು ಫೈರಕ್ಕನೇ.

"ಕಂಡಕ್ಟರಣ್ಣ, ಇದಕ್ಕೊಂದು ಕಾಲು ಹಾಕ್ಕೊಡ್ತೀರಾ" ಎನ್ನುತ್ತ ಒಳಗೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಅಯ್ಯೋ, ಇದೇನಣ್ಣ? ಕಾಲಿಡೋಕೆ ಜಾಗ ಎಲ್ಲಿದೆ?"

"ಬನ್ನಿ ಬನ್ನಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಜಾಗ ಇದೆ."

ಫೈರಕ್ಕ ಬರಲಿಲ್ಲ. ಅಲ್ಲೇ ನಿಂತು ಒಂದೊಂದಾಗಿ ನೋಡಿದರು. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಮೂರು ಮಷೀನು ನೇತುಹಾಕಿದ್ದನ್ನು ನೋಡಿದರು. ಕಂಡಕ್ಟರ್ ಕೈಗೆ ಹಾಕಿಕೊಂಡಿದ್ದ ದಪ್ಪ ಗ್ಲೌಸ್ ನೋಡಿದರು.

"ಇದನ್ನ ಹಾಕ್ಕೊಂಡು ಕಟಿಂಗ್ ಮಷೀನ್ ಓಡಿಸ್ತೀರಾ?"

"ಮತ್ತೆ? ಸೇಫ್ಟಿ!" ಎಂದು ಕಂಡಕ್ಟರ್ ಎರಡೂ ಕೈ ಎತ್ತಿ ತೋರಿಸಿದರು.

"ತಿರುಗೋ ಬ್ಲೇಡ್ ಹತ್ತಿರ ಗ್ಲೌಸ್ ಬೇಡಣ್ಣ. ಅದರ ಒಂದು ನೂಲು ಸಿಕ್ಕಿದ್ರೂ ಕೈಯನ್ನೇ ಒಳಗೆಳ್ಕೊಳ್ಳುತ್ತೆ. ತುಂಬು ತೋಳಿನ ಅಂಗಿನೂ ಬೇಡ, ಹೆಗಲ ಮೇಲಿರೋ ಆ ಟವೆಲೂ ಬೇಡ. ಹಾಕ್ಕೋಬೇಕಾದ್ದು ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಆ ಎರಡೇ ನಿಮ್ಮ ಹತ್ರ ಇಲ್ಲ."

ಕಂಡಕ್ಟರ್ ಟವೆಲನ್ನು ಮೆಲ್ಲನೆ ಹೆಗಲಿಂದ ಇಳಿಸಿದರು.

"ಸರಿ, ಈಗ ಆ ಹಿಂದಿನ ಬಾಗಿಲು ತೆಗೀರಿ ನೋಡೋಣ."

"ಹಲಗೆ ಇದೆಯಲ್ಲ."

"ಅದಕ್ಕೇ ಹೇಳ್ತಿರೋದು. ನಿಮ್ಮ ಬಸ್ಸಲ್ಲಿ ಎಮರ್ಜೆನ್ಸಿ ಬಾಗಿಲಿಗೆ ಮೂಟೆ ಜೋಡಿಸಿದ್ರೆ ನೀವು ಸುಮ್ನಿರ್ತಿದ್ರಾ?"

ಈ ಪೆಟ್ಟು ನೇರವಾಗಿ ಬಿತ್ತು. ಮೂಟೆಯವರ ಜೊತೆ ಅವರು ಮಾಡಿದ ಜಗಳ ಒಂದೇ ಎರಡೇ! ಟೈಲರಮ್ಮನೂ ಬಾಗಿಲಿಗೆ ಬಂದು ನಿಂತು, "ಹೇಳಿ ಫೈರಕ್ಕ, ನಾನು ಬಾಯಿ ಬಡ್ಕೊಂಡ್ರೆ ಕೇಳಲ್ಲ ಇವರು" ಎಂದು ಒಗ್ಗರಣೆ ಹಾಕಿದರು. ಇಬ್ಬರು ಹೆಂಗಸರ ಮುಂದೆ ಕಂಡಕ್ಟರ್ ಆಟ ನಡೆಯಲಿಲ್ಲ. ಗೊಣಗುತ್ತಲೇ ಹಲಗೆಗಳನ್ನು ಹೊತ್ತು ಹಿತ್ತಲಿನ ಗೋಡೆಗೆ ಒರಗಿಸಿದರು. ಬಾಗಿಲು ಕಿರ್ರೆಂದು ತೆರೆದು ಕೋಣೆಗೆ ಬೆಳಕು ಬಂತು. ಚೆನ್ನಾಗಿಯೇ ಇದೆ ಎಂದು ಅವರಿಗೂ ಅನ್ನಿಸಿತು.

ಅಷ್ಟರಲ್ಲಿ ಯಾರೋ ರವಿಕೆ ಒಯ್ಯಲು ಬಂದು ಕೂಗಿದರು. ಟೈಲರಮ್ಮ ಮುಂದಿನ ಕೋಣೆಗೆ ಹೋದರು. ಅವರು ಹೋದಮೇಲೆಯೇ ಫೈರಕ್ಕನ ಕಣ್ಣು ಅಗಸೆ ಎಣ್ಣೆಯ ಡಬ್ಬದ ಮೇಲೆ ಬಿದ್ದದ್ದು.

"ಅಣ್ಣ, ಇದನ್ನ ಹಚ್ಚೋಕೆ ಬಟ್ಟೆ ಬಳಸ್ತೀರಲ್ಲ, ಆಮೇಲೆ ಆ ಬಟ್ಟೆ ಏನು ಮಾಡ್ತೀರಿ?"

"ಬಟ್ಟೆಗೇನು ಬರ! ನಮ್ಮನೇಲಿ ಹೊಲಿಗೆ ಚೂರು ಮೂಟೆಗಟ್ಟಲೆ ಇದೆ. ಒರೆಸಿ ಮೂಲೆಗೆ ಬಿಸಾಕೋದು."

"ಹಾಗೆ ಮಾಡ್ಬೇಡಿ. ಈ ಎಣ್ಣೆ ಹತ್ತಿದ ಬಟ್ಟೇನ ಮುದ್ದೆ ಮಾಡಿಟ್ರೆ ತಾನಾಗೇ ಹೊತ್ಕೊಳ್ಳುತ್ತೆ."

ಕಂಡಕ್ಟರ್ ಫೈರಕ್ಕನ ಮುಖ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದಮೇಲೆ ಅವರಿಗೆ ಇನ್ನೂ ನಗು ಬಂತು. "ತಾನಾಗೇನಾ? ಬೆಂಕಿಕಡ್ಡಿ ಗೀರದೆ?"

"ಬೆಂಕಿಕಡ್ಡಿ ಬೇಡ, ಬೀಡಿ ಬೇಡ, ಕರೆಂಟೂ ಬೇಡ. ಈ ಎಣ್ಣೆ ಒಣಗೋದು ನೀರು ಒಣಗಿದ ಹಾಗಲ್ಲ. ಗಾಳಿ ಜೊತೆ ಸೇರಿ ಗಟ್ಟಿಯಾಗುತ್ತೆ. ಗಟ್ಟಿಯಾಗೋವಾಗ ಬಿಸಿ ಹುಟ್ಟುತ್ತೆ. ಬಟ್ಟೆ ಹರವಿದ್ರೆ ಬಿಸಿ ಗಾಳೀಲಿ ಹೋಗ್ಬಿಡುತ್ತೆ. ಮುದ್ದೆ ಕಟ್ಟಿದ್ರೆ ಒಳಗೇ ಉಳ್ಕೊಂಡು ಏರ್ತಾ ಹೋಗುತ್ತೆ. ರಶ್ ಬಸ್ಸಲ್ಲಿ ಕಿಟಕಿ ಎಲ್ಲ ಮುಚ್ಚಿದ್ರೆ ಹೇಗಿರುತ್ತೆ ಹೇಳಿ."

"ಬೆವರು ಸುರಿಯುತ್ತೆ. ಬಸ್ಸು ಹೊತ್ಕೊಳ್ಳಲ್ಲವಲ್ಲ!" ಎಂದು ಕಂಡಕ್ಟರ್ ಹೊಟ್ಟೆ ಕುಣಿಸಿ ನಕ್ಕರು.

"ನಗಿ ನಗಿ. ಆದರೆ ಬಟ್ಟೇನ ಹಿತ್ತಲಲ್ಲಿ ತಂತಿ ಮೇಲೆ ಒಂದೊಂದಾಗಿ ಹರವಿ, ಹಪ್ಪಳದ ಹಾಗೆ ಗರಿಗರಿ ಆಗೋವರೆಗೆ ಬಿಡಿ. ಇಲ್ಲಾಂದ್ರೆ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿ ಮುಚ್ಚಳ ಹಾಕಿ. ಇಷ್ಟು ಮಾಡಿ ಸಾಕು. ಅಕ್ಕಂಗೂ ಹೇಳಿ."

ಹೇಳುತ್ತೇನೆ ಎಂದರು. ಹೇಳಲಿಲ್ಲ. ಇಂಥದ್ದನ್ನು ಹೆಂಡತಿಗೆ ಹೇಳಿದರೆ ತಮ್ಮನ್ನೇ ನೋಡಿ ನಕ್ಕಾಳು ಅನ್ನಿಸಿತು.

ಮಾರನೆಯ ಬೆಳಿಗ್ಗೆ ತೊಟ್ಟಿಲಿಗೆ ಎಣ್ಣೆ ಬಿತ್ತು. ಕಂಡಕ್ಟರ್ ಸಿನಿಮಾ ಹಾಡು ಗುನುಗುತ್ತ ಹಚ್ಚಿದರು, ಒರೆಸಿದರು, ಮತ್ತೆ ಹಚ್ಚಿದರು. ಮರದ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಒರೆಸಿದ ಚೂರುಗಳೆಲ್ಲ ನೆಲದ ಮೇಲೆ ಬಿದ್ದವು. ಊಟಕ್ಕೆ ಕೈ ತೊಳೆಯಲು ಅವರು ಎದ್ದು ಹೋದಾಗ ಟೈಲರಮ್ಮ ಕೋಣೆ ಗುಡಿಸಲು ಬಂದರು.

ಟೈಲರಮ್ಮನದು ಒಂದು ಅಭ್ಯಾಸ. ಬಟ್ಟೆಯ ಚೂರು ಎಷ್ಟೇ ಚಿಕ್ಕದಿರಲಿ, ಎಷ್ಟೇ ಕೊಳೆಯಾಗಿರಲಿ, ಬಿಸಾಡುವುದಿಲ್ಲ. ಎಲ್ಲವನ್ನೂ ಒಂದರೊಳಗೊಂದು ಸುತ್ತಿ, ಅಂಚಿನ ಪಟ್ಟಿಯಿಂದ ಬಿಗಿಯಾಗಿ ಗಂಟು ಕಟ್ಟಿ ಎತ್ತಿಡುತ್ತಾರೆ. ಅವರು ಕಟ್ಟಿದ ಗಂಟು ಚೆಂಡಿನ ಹಾಗಿರುತ್ತದೆ. ಎಸೆದರೆ ಪುಟಿಯಬೇಕು. ಅಂದೂ ಹಾಗೇ ಮಾಡಿದರು. ಎಣ್ಣೆಬಟ್ಟೆಗಳನ್ನೆಲ್ಲ ಆಯ್ದು, ಸುತ್ತಿ, ಬಿಗಿದು, ನಾಳೆಗೆ ಮತ್ತೆ ಬೇಕಾಗುತ್ತದೆ ಎಂದು ಮೇಜಿನ ಕೆಳಗಿದ್ದ ಮರದ ಹೊಟ್ಟಿನ ಚೀಲದೊಳಗೆ ತುರುಕಿದರು. ಕೋಣೆ ಕನ್ನಡಿಯಂತಾಯಿತು. ತಮ್ಮ ಅಚ್ಚುಕಟ್ಟಿಗೆ ತಾವೇ ಮೆಚ್ಚಿ ಬಾಗಿಲು ಎಳೆದುಕೊಂಡರು.

ಊಟವಾಯಿತು. ಬಿಸಿಲು ಜೋರಾಗಿತ್ತು. ಟೈಲರಮ್ಮ ಯಂತ್ರದ ಮುಂದೆ ಕುಳಿತರು, ಮಗಳು ತನ್ನ ಕೋಣೆಯಲ್ಲಿ ಮಲಗಿದಳು, ಕಂಡಕ್ಟರ್ ಕುರ್ಚಿಯಲ್ಲೇ ತೂಕಡಿಸಿದರು.

"ಅಪ್ಪಾ, ಏನೋ ವಾಸನೆ."

"ಹೂಂ."

"ಅಪ್ಪಾ, ನಿಜವಾಗ್ಲೂ. ಹಳೇ ಎಣ್ಣೆ ಸೀದ ಹಾಗೆ."

"ಪಕ್ಕದ ಮನೇಲಿ ಏನೋ ಕರೀತಿರ್ಬೇಕು, ಮಲ್ಕೋ ಮಗಳೇ."

"ಮೊನ್ನೆ ಹೊಸ ಬಕೆಟ್ಟಿಗೂ ವಾಸನೆ ಅಂದೆ ನೀನು" ಎಂದು ಮುಂದಿನ ಕೋಣೆಯಿಂದ ಟೈಲರಮ್ಮ ನಕ್ಕರು.

ಮಗಳು ಸುಮ್ಮನಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಅಪ್ಪನ ಮುಂದೆ ನಿಂತಳು. ಕಣ್ಣಲ್ಲಿ ನೀರಿತ್ತು. "ನಾನು ಹೇಳಿದ್ದನ್ನ ಯಾರೂ ಕೇಳೋದೇ ಇಲ್ಲ ಈ ಮನೇಲಿ."

ಕಂಡಕ್ಟರ್ ಎದ್ದರು. ಮಗಳ ಸಮಾಧಾನಕ್ಕೆ ಒಂದು ಸಲ ನೋಡಿ ಬರೋಣ ಎಂದುಕೊಂಡರು. ಓಣಿಯಲ್ಲಿ ನಡೆದು ಕೋಣೆಯ ಬಾಗಿಲು ತೆಗೆದರು.

ಮೇಜಿನ ಕೆಳಗಿನಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಹೊಟ್ಟಿನ ಚೀಲದ ಒಂದು ಪಕ್ಕ ಕಂದುಬಣ್ಣಕ್ಕೆ ತಿರುಗಿತ್ತು. ಸುತ್ತ ಬೆಂಕಿಕಡ್ಡಿ ಇಲ್ಲ, ದೀಪವಿಲ್ಲ, ಮಷೀನು ಓಡುತ್ತಿಲ್ಲ. ಆಗ ಫೈರಕ್ಕನ ಮಾತು ನೆನಪಾಯಿತು. ತಿರುಗಿ ನೋಡಿದರೆ ಮಗಳು ಓಣಿಯಲ್ಲೇ, ಬೆನ್ನ ಹಿಂದೆಯೇ ನಿಂತಿದ್ದಾಳೆ.

"ಹೊರಗೆ ನಡಿ! ಮುಂದಿನ ಬಾಗಿಲಿಂದ ಬೀದಿಗೆ ನಡಿ! ಇವಳೇ, ಮೇನ್ ಸ್ವಿಚ್ ಆರಿಸು, ಫೈರಕ್ಕನ್ನ ಕೂಗು!"

ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುತ್ತಿದ್ದ ಆ ಗಂಟಲು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಮಗಳು ಹೊರಗೆ ನಡೆದಳು. ಟೈಲರಮ್ಮ ಸ್ವಿಚ್ ಆರಿಸಿ, ಕಾಂಪೌಂಡಿನ ಬಳಿಗೆ ಓಡಿ ಕೂಗಿಕೊಂಡರು. ಕಂಡಕ್ಟರ್ ಉದ್ದದ ಕಬ್ಬಿಣದ ಸಲಾಕೆ ತೆಗೆದುಕೊಂಡು ಚೀಲದ ಕಿವಿಗೆ ಸಿಕ್ಕಿಸಿದರು. ಎಳೆದರು. ಮೇಜಿನ ಕೆಳಗಿನಿಂದ ನೆಲಕ್ಕೆ, ನೆಲದಿಂದ ಹಿತ್ತಲ ಬಾಗಿಲಿಗೆ. ನಿನ್ನೆ ಗೊಣಗುತ್ತ ಖಾಲಿ ಮಾಡಿದ ಅದೇ ಬಾಗಿಲಿಗೆ. ಒಂದು ಒದೆತಕ್ಕೆ ಬಾಗಿಲು ತೆರೆಯಿತು, ಚೀಲ ಹಿತ್ತಲ ಮಣ್ಣಿಗೆ ಬಿತ್ತು. ಬಿದ್ದ ರಭಸಕ್ಕೆ ಚೀಲ ಹರಿದು ಗಾಳಿ ತಗುಲಿತೋ ಇಲ್ಲವೋ, ಭಗ್ಗೆಂದು ಆಳೆತ್ತರ ಉರಿ ಎದ್ದಿತು.

ಆ ಉರಿಯನ್ನು ಕಂಡಕ್ಟರ್ ಕಣ್ಣಾರೆ ಕಂಡರು. ಇದು ಒಳಗೇ ಏಳಬಹುದಿತ್ತು. ಮೇಜಿನ ಕೆಳಗೆ, ತೊಟ್ಟಿಲಿನ ಪಕ್ಕದಲ್ಲಿ, ಮಗಳು ಮಲಗಿರುವಾಗ.

ಫೈರಕ್ಕ ತಮ್ಮ ಮನೆಯ ನಲ್ಲಿಗೆ ಸಿಕ್ಕಿಸಿದ ಪೈಪನ್ನು ಕಾಂಪೌಂಡಿನ ಮೇಲಿಂದಲೇ ಹಿಡಿದರು. ಉರಿ ಚುರ್ರೆಂದು ಆರಿತು. ಆರಿದಮೇಲೂ ಬಿಡದೆ ಕೋಲಿನಿಂದ ಕೆದಕಿ ಕೆದಕಿ ನೀರು ಬಿಟ್ಟರು. ಕೊನೆಗೆ ಹಿತ್ತಲಲ್ಲಿ ಒಂದು ಕಪ್ಪು ಕೆಸರಿನ ಗುಪ್ಪೆ ಮಾತ್ರ ಉಳಿಯಿತು.

ಟೈಲರಮ್ಮ ಅದನ್ನು ನೋಡುತ್ತ ಮೆಟ್ಟಿಲ ಮೇಲೆ ಕುಸಿದು ಕುಳಿತರು. "ನಾನೇ ಕಟ್ಟಿಟ್ಟೆ ಕಣ್ರೀ ಆ ಗಂಟನ್ನ. ನನ್ನ ಕೈಯಾರೆ."

"ನಿಂಗೆ ಗೊತ್ತಿರ್ಲಿಲ್ಲ" ಎಂದರು ಕಂಡಕ್ಟರ್. "ನಂಗೆ ಗೊತ್ತಿತ್ತು. ಫೈರಕ್ಕ ನಿನ್ನೆನೇ ಹೇಳಿದ್ರು. ನಾನು ನಕ್ಕೆ. ನಿಂಗೆ ಹೇಳ್ಲೂ ಇಲ್ಲ."

ಮಗಳು ಮುಂಬಾಗಿಲಿನಿಂದ ಸುತ್ತಿ ಹಿತ್ತಲಿಗೆ ಬಂದಳು. ಅಪ್ಪ ಮಗಳ ತಲೆ ಸವರಿದರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಒಮ್ಮೆ ಉಸಿರೆಳೆದು, ಮೂಗು ಮುಚ್ಚಿಕೊಂಡು ಹೇಳಿದಳು: "ಈಗ ಒದ್ದೆ ಬೂದಿ ವಾಸನೆ."

ಎಲ್ಲರಿಗೂ ನಗು ಉಕ್ಕಿಬಂತು. ಅಳು ಎಲ್ಲಿ ಮುಗಿದು ನಗು ಎಲ್ಲಿ ಶುರುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಗಿತ್ತು.

ಫೈರಕ್ಕ ಮಾತ್ರ ಪೂರ್ತಿ ನಗಲಿಲ್ಲ. "ಅಣ್ಣ, ಎಲ್ಲರನ್ನೂ ಮೊದಲು ಹೊರಗೆ ಕಳಿಸಿದ್ರಲ್ಲ, ಅದು ಸರಿ. ಆದರೆ ಚೀಲ ಎಳೆಯೋಕೆ ಹೋಗಿದ್ದು ಸರಿಯಲ್ಲ. ಬಾಗಿಲು ಖಾಲಿಯಿತ್ತು, ಉರಿ ಎದ್ದಿರ್ಲಿಲ್ಲ, ಅದಕ್ಕೇ ಬಚಾವು. ಉರಿ ಕಂಡ್ರೆ ಯಾವ ಸಾಮಾನಿಗೂ ಕೈ ಹಾಕ್ಬೇಡಿ. ಕೋಣೆ ಬಾಗಿಲು ಮುಚ್ಕೊಂಡು ಹೊರಗೆ ಬಂದು ಫೋನ್ ಮಾಡಿ. ಬರೋಕೆ ನಾವಿದ್ದೀವಿ."

"ಆಯ್ತು ಫೈರಕ್ಕ" ಎಂದರು ಕಂಡಕ್ಟರ್. ಈ ಸಲ ನಿಜವಾಗಿಯೇ ಅಂದರು.

ಆ ವಾರವೇ ಅವರು ಕೋಣೆಯನ್ನು ಪೂರ್ತಿ ಖಾಲಿ ಮಾಡಿ ಹೊಸದಾಗಿ ಜೋಡಿಸಿದರು. ಯಾಕೆ ಬೇಕೆಂದು ಗೊತ್ತಿಲ್ಲದ ಮಷೀನು ಮತ್ತೆ ಆಟೋ ಹತ್ತಿ ಬೇರೆಯವರ ಪಾಲಾಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಪರೀಕ್ಷಿಸಿ, ಗೋಡೆಯಲ್ಲೇ ಮಷೀನಿಗೆ ಬೇರೆ ಪ್ಲಗ್ಗು ಕೂರಿಸಿದರು. ಉಳಿ, ಗರಗಸ ಗೋಡೆಯ ಮೇಲೆ ಕೈಗೆಟಕುವ ಹಾಗೆ ಸಾಲಾಗಿ ನಿಂತವು. ಬ್ಲೇಡ್ ಬದಲಿಸುವ ಮೊದಲು ಪ್ಲಗ್ ಕಿತ್ತು ಎದುರಿಗೆ ಕಾಣುವ ಹಾಗೆ ಇಟ್ಟುಕೊಳ್ಳುವುದನ್ನು ಕಂಡಕ್ಟರ್ ಅಭ್ಯಾಸ ಮಾಡಿಕೊಂಡರು. ಹೊಟ್ಟು ದಿನಾ ಸಂಜೆ ಹೊರಗೆ ಹೋಗತೊಡಗಿತು. ಬಾಗಿಲ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಂತು. ಅದನ್ನು ಬಳಸುವುದು ಹೇಗೆಂದು ಫೈರಕ್ಕ ಮೂವರಿಗೂ ಹೇಳಿಕೊಟ್ಟರು. ಇನ್ನು ಎಣ್ಣೆಬಟ್ಟೆ? ಅದನ್ನು ಟೈಲರಮ್ಮ ತಾವೇ ವಹಿಸಿಕೊಂಡರು. ಹಿತ್ತಲ ತಂತಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರವಿ, ಗರಿಗರಿಯಾಗುವವರೆಗೆ ಮುಟ್ಟಗೊಡುತ್ತಿರಲಿಲ್ಲ. ಗಂಟು ಕಟ್ಟುವ ಚಪಲ ಬಂದರೆ ಒಣ ಚೂರುಗಳನ್ನು ಕಟ್ಟುತ್ತಿದ್ದರು.

ಮಗಳಿಗಂತೂ ಬಡ್ತಿ ಸಿಕ್ಕಿತು. ಅವಳೀಗ ಮನೆಯ ಚೆಕಿಂಗ್ ಇನ್ಸ್‌ಪೆಕ್ಟರ್. "ಏನೋ ವಾಸನೆ" ಎಂದರೆ ಸಾಕು, ಕಂಡಕ್ಟರ್ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸೋಪೇ ಆಗಿರುತ್ತಿತ್ತು. ಆದರೂ ಏಳುತ್ತಿದ್ದರು.

ಹೆಣ್ಣುಮಗು ಹುಟ್ಟಿತು. ತೊಟ್ಟಿಲಿನ ಎಣ್ಣೆ ಅಷ್ಟು ಹೊತ್ತಿಗೆ ಚೆನ್ನಾಗಿ ಒಣಗಿ ವಾಸನೆಯೇ ಉಳಿದಿರಲಿಲ್ಲ. ಇನ್ಸ್‌ಪೆಕ್ಟರ್ ಮೂಸಿ ನೋಡಿ ಒಪ್ಪಿಗೆ ಕೊಟ್ಟಮೇಲೆಯೇ ಮಗುವನ್ನು ಮಲಗಿಸಿದ್ದು. ಅದೇ ಹೊತ್ತಿಗೆ ಎದುರುಮನೆಯವರು ಒಂದು ಹಳೆಯ ಬೀರುವನ್ನು ಎಳೆದುಕೊಂಡು ಬಂದರು.

"ಕಂಡಕ್ಟರೇ, ಇದನ್ನ ನಿಮ್ಮ ಹಿಂದಿನ ಕೋಣೇಲಿ ಸ್ವಲ್ಪ ದಿನ ಇಟ್ಕೋತೀರಾ? ಆ ಬಾಗಿಲ ಹತ್ರ ಅಷ್ಟು ದೊಡ್ಡ ಜಾಗ ಖಾಲಿ ಇದೆಯಲ್ಲ."

ಕಂಡಕ್ಟರ್ ಆ ಖಾಲಿ ನೆಲವನ್ನು ನೋಡಿದರು. ತೆರೆದ ಬಾಗಿಲನ್ನು ನೋಡಿದರು. ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದ ಮೊಮ್ಮಗಳನ್ನು ನೋಡಿದರು. ಆಮೇಲೆ ಜೀವಮಾನದಲ್ಲೇ ಮೊದಲ ಸಲ ಆ ಮಾತು ಅವರ ಬಾಯಿಂದ ಬಂತು:

"ಜಾಗ ಇಲ್ಲ ಸ್ವಾಮಿ. ಬೇರೆ ಬಸ್ಸು ನೋಡ್ಕೊಳ್ಳಿ."

ಒಳಗಿನಿಂದ ಟೈಲರಮ್ಮ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಯಲ್ಲಿ ಮರಗೆಲಸದ ಕೋಣೆ ಮಾಡಿಕೊಳ್ಳಿ, ಖಂಡಿತ ಮಾಡಿಕೊಳ್ಳಿ. ಕೈಯಾರೆ ಮಾಡಿದ ತೊಟ್ಟಿಲಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗದು. ಆದರೆ ಮಷೀನು ತರುವ ಮುಂಚೆ ಜಾಗ ಬಿಡಿ. ಅಗಸೆ ಎಣ್ಣೆಯ ಬಟ್ಟೆಯನ್ನು ಇವತ್ತೇ ಗಂಟಿನಿಂದ ಬಿಚ್ಚಿ ಬಯಲಲ್ಲಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿ. ನಿಮಗೆ ಗೊತ್ತಾದದ್ದನ್ನು ಮನೆಯ ಕಸ ಗುಡಿಸುವವರಿಗೂ ಹೇಳಿ, ನಕ್ಕರೂ ಪರವಾಗಿಲ್ಲ. ಮನೆಯಲ್ಲಿ ಯಾರಾದರೂ "ಏನೋ ವಾಸನೆ" ಎಂದರೆ ಎದ್ದು ಹೋಗಿ ನೋಡಿ. ಈ ಕಾಗದ ಕೆಳಗಿಟ್ಟು ಈಗಲೇ ನಿಮ್ಮ ಹಿಂದಿನ ಕೋಣೆಗೆ ಹೋಗಿ. ಬಾಗಿಲು ಸಲೀಸಾಗಿ ತೆರೆಯುತ್ತದೆಯೇ?

ತೆರೆದರೆ, ರೈಟ್ ರೈಟ್. ತೆರೆಯದಿದ್ದರೆ, ಹೋಲ್ಡಾನ್!